ಒಂದು ಸಾಲು, ಒಂದು ನಡೆ

"ಮುಟ್ಬೇಡ! ಮೊದ್ಲು ಒಂದು ಸಾಲು ತಿರುವ್ಕೊಂಡ್ ಬಾ" ಎಂದರು ಅಜ್ಜಿ.

ಚೆಸ್ ಬೋರ್ಡಿನ ಕುದುರೆಯ ತನಕ ಹೋಗಿದ್ದ ವಿನುತಾಳ ಕೈ ಅಲ್ಲೇ ನಿಂತಿತು.

"ಅಜ್ಜೀ, ಪ್ಲೀಸ್! ಸೂಪರ್ ಮೂವ್ ಸಿಕ್ಕಿದೆ. ಇದೊಂದು ಆಡಿ ಹೋಗ್ತೀನಿ."

"ನಿನ್ ಸೂಪರ್ ಮೂವು ಎಲ್ಲೂ ಓಡ್ಹೋಗಲ್ಲ. ಬಿಸ್ಲು ಓಡ್ಹೋಗುತ್ತೆ. ಏಳೇಳು."

ವಿನುತಾ ಮುಖ ಊದಿಸಿಕೊಂಡು ಎದ್ದಳು. ಉದ್ದ ಕೋಲಿನ ಮರದ ಹಲಗೆ ಹಿಡಿದು, ಕಣದ ಈ ತುದಿಯಿಂದ ಆ ತುದಿಗೆ ಕಾಫಿ ತಿರುವುತ್ತಾ ಹೊರಟಳು. ಕೆಳಗಿನ ಹಸಿ ಹಣ್ಣು ಮೇಲೆ ಬಂತು, ಮೇಲಿನ ಒಣಗಿದ್ದು ಕೆಳಗೆ ಹೋಯಿತು.

ಇದು ಯಾವ ಚೆಸ್ ಪುಸ್ತಕದಲ್ಲೂ ಇಲ್ಲದ ರೂಲು. ಸರ್ವಮಂಗಳಜ್ಜಿಯ ಸ್ವಂತ ರೂಲು. ಜನವರಿ ತಿಂಗಳು ಬಂತೆಂದರೆ ಮನೆ ಮುಂದಿನ ಸಿಮೆಂಟು ಕಣದ ತುಂಬಾ ಕಾಫಿ. ಆಗಾಗ ತಿರುವಿ ಹಾಕದಿದ್ದರೆ ಅಡಿಯಲ್ಲಿ ಬೂಸ್ಟು ಹಿಡಿಯುತ್ತದೆ. ಹಾಗಂತ ಅಜ್ಜಿಗೆ ಚೆಸ್ ಬಿಡಲಾಗುತ್ತದೆಯೇ? ಚಿಕ್ಕಂದಿನಲ್ಲಿ ಅಣ್ಣಂದಿರು ಆಡುವಾಗ ಇಣುಕಿ ನೋಡಿ ಕಲಿತ ಆಟ ಅದು. ಅದಕ್ಕೇ ಜಗಲಿಯ ಅಂಚಿನಲ್ಲಿ ಬೋರ್ಡ್ ಇಟ್ಟು ಒಂದು ಕಾನೂನು ಮಾಡಿದ್ದರು. ಯಾರ ಸರದಿಯೋ ಅವರು ಒಂದು ಸಾಲು ಕಾಫಿ ತಿರುವಿ ಬರಬೇಕು. ಆಮೇಲೆ ಕಾಯಿ ಮುಟ್ಟಬೇಕು. ಅಜ್ಜಿಯೂ ಅಷ್ಟೇ, ಸೀರೆ ಎತ್ತಿ ಕಟ್ಟಿಕೊಂಡು ತಮ್ಮ ಸಾಲು ತಾವೇ ತಿರುವುತ್ತಿದ್ದರು.

"ಆಟಾನೂ ಆಯ್ತು, ಕೆಲಸಾನೂ ಆಯ್ತು" ಎನ್ನುವುದು ಅವರ ಲೆಕ್ಕ.

ವಿನುತಾಳಿಗೆ ಮಾತ್ರ ಇದು ಮೈಯೆಲ್ಲ ಉರಿಯುವ ವಿಷಯ. ಇವತ್ತೂ ಗೊಣಗುತ್ತಲೇ ಕಣದ ಆ ತುದಿ ಮುಟ್ಟಿ ತಿರುಗಿದಳು. ತಿರುಗಿದವಳೇ, "ಅಯ್ಯೋ!" ಎಂದಳು. ಕುದುರೆ ಅಲ್ಲಿಂದ ಎದ್ದರೆ ಹಿಂದಿನ ಆನೆಗೆ ದಿಕ್ಕಿಲ್ಲ. ಅಜ್ಜಿಯ ಒಂಟೆ ಸೀದಾ ಬಂದು ನುಂಗುತ್ತದೆ!

ವಾಪಸು ಬಂದವಳು ಕುದುರೆ ಬಿಟ್ಟು ಒಂದು ಸೋಲ್ಜರ್ ಮುಂದಿಟ್ಟಳು. ಅಜ್ಜಿ "ಛೆ" ಎಂದರು. ಇನ್ನು ಹದಿನೈದು ಸಾಲು ಕಳೆಯುವಷ್ಟರಲ್ಲಿ ಅಜ್ಜಿಯ ರಾಜನಿಗೆ ಓಡಲು ಜಾಗವೇ ಉಳಿಯಲಿಲ್ಲ.

"ಸೋತೆ ಕಣೇ" ಎಂದು ಅಜ್ಜಿ ಖುಷಿಯಿಂದ ನಕ್ಕರು. "ನಾಳಿದ್ದು ಸೋಮಾರ್‌ಪೇಟೇಲೂ ಹಿಂಗೇ ಆಡು."

ವಿನುತಾ ನಗಲಿಲ್ಲ. ಶನಿವಾರ ಸೋಮವಾರಪೇಟೆಯಲ್ಲಿ ಶಾಲೆ ಶಾಲೆಗಳ ನಡುವಿನ ಚೆಸ್ ಪಂದ್ಯವಿತ್ತು.

ಮನೆಯಲ್ಲಿ ಅವಳನ್ನು ಸೋಲಿಸುವವರಿಲ್ಲ. ಹೊರಗೆ ಅವಳು ಗೆದ್ದದ್ದೇ ಇಲ್ಲ. ಈ ವರ್ಷ ಮೂರು ಪಂದ್ಯಕ್ಕೆ ಹೋಗಿ ಮೂರರಲ್ಲೂ ಸೋತು ಬಂದಿದ್ದಳು. ಓದುವುದರಲ್ಲಿ ಕಡಿಮೆ ಮಾಡಿದ್ದಳು ಎನ್ನುವ ಹಾಗೂ ಇಲ್ಲ. ಲೈಬ್ರರಿಯ ಚೆಸ್ ಪುಸ್ತಕದಲ್ಲಿದ್ದ ಲೆಕ್ಕಗಳನ್ನೆಲ್ಲ ಬಿಡಿಸಿದ್ದಳು. ಒಂದೇ ಕುದುರೆ ಇಬ್ಬರ ಮೇಲೆ ಒಟ್ಟಿಗೆ ಬೀಳುವುದಕ್ಕೆ ಫೋರ್ಕ್ ಅನ್ನುತ್ತಾರೆ ಎಂದು ಅಜ್ಜಿಗೆ ಹೇಳಿಕೊಟ್ಟವಳೇ ಅವಳು. ಸೋತ ಆಟಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದು, ಮನೆಯಲ್ಲಿ ಮತ್ತೆ ಜೋಡಿಸಿ ನೋಡುತ್ತಿದ್ದಳು. ಮನೆಯಲ್ಲಿ ನೋಡಿದರೆ ತಪ್ಪು ಒಂದೇ ಸಲಕ್ಕೆ ಕಾಣುತ್ತಿತ್ತು. ಅಲ್ಲಿ ಮಾತ್ರ ಯಾಕೆ ಕಾಣುವುದಿಲ್ಲ?

ಕ್ಲಾಸಿನ ಕೀರ್ತಿಕುಮಾರ್ ಅವಳಿಗೆ "ಕಣದ ಚಾಂಪಿಯನ್" ಎಂದು ಹೆಸರಿಟ್ಟಿದ್ದ. ಪಿ.ಟಿ. ಮಾಸ್ಟರು ತೀರ್ಥಪ್ರಸಾದ್ ಸರ್ ಬೈಯಲಿಲ್ಲ, ಅದೇ ಕಷ್ಟವಾಗಿದ್ದು. "ನೋಡು ವಿನುತಾ, ನಮ್ ಸ್ಕೂಲಿಗೆ ಒಂದೇ ಸೀಟು. ಇದೊಂದ್ಸಲ ನಿನ್ನೇ ಕಳಿಸ್ತೀನಿ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಮುಂದಿನ್ ಸಲದಿಂದ ಕೀರ್ತಿ ಹೋಗ್ಲಿ" ಎಂದಿದ್ದರು.

ಶನಿವಾರ ಬಂತು. ಸೋಮವಾರಪೇಟೆಯ ಹಾಲ್‌ನಲ್ಲಿ ಎಂಟು ಮಕ್ಕಳು, ನಾಲ್ಕು ಮೇಜು. ಒಬ್ಬೊಬ್ಬರಿಗೂ ನಾಲ್ಕು ಆಟ. ಕೊನೆಗೆ ಮೊದಲ ಇಬ್ಬರು ಮಡಿಕೇರಿಯ ಜಿಲ್ಲಾ ಪಂದ್ಯಕ್ಕೆ.

ಮೊದಲ ಆಟ ಮುಗಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಎದುರಿನ ಹುಡುಗಿ ಒಂದು ಕಾಯಿ ಇಟ್ಟಳು, ವಿನುತಾ ತಕ್ಷಣ ಒಂದು ಇಟ್ಟಳು. ಅವಳು ಇಟ್ಟಳು, ಇವಳು ಇಟ್ಟಳು. ನೋಡನೋಡುತ್ತಿದ್ದಂತೆ ಕ್ವೀನ್ ಹೋಯಿತು, ರಾಜನೂ ಹೋದ. ವಿನುತಾ ಬಾತ್‌ರೂಮಿಗೆ ಹೋಗಿ ಮುಖ ತೊಳೆದಳು. ಕಣ್ಣೀರನ್ನೂ ಸೇರಿಸಿ ತೊಳೆದಳು.

ಎರಡನೇ ಆಟದಲ್ಲಿ ಒಂದು ಕಾಲು ಮಡಚಿ ಕುಳಿತಿದ್ದಳು. ಅದು ಜೋಮು ಹಿಡಿಯಿತು. ತನ್ನ ಸರದಿ ಬಂದಿದ್ದರೂ ತಾಳಲಾರದೆ ಎದ್ದು, ಕುಂಟುತ್ತಾ ಕಿಟಕಿಯ ತನಕ ನಡೆದಳು. ಕಿಟಕಿಯ ಹತ್ತಿರ ತಿರುಗಿದಳು.

"ಅಯ್ಯೋ!"

ಎದುರಿನ ಹುಡುಗ ಬಿಟ್ಟುಕೊಟ್ಟಿದ್ದ ಸೋಲ್ಜರ್ ಪುಕ್ಕಟೆ ಸೋಲ್ಜರ್ ಅಲ್ಲ! ಅದನ್ನು ತಿಂದರೆ ಅವಳ ಆನೆ ಸಿಕ್ಕಿಬೀಳುತ್ತಿತ್ತು. ಆ ಹೊತ್ತಿಗೆ ಬೋರ್ಡ್ ಅವಳ ಕಣ್ಣ ಮುಂದೆ ಇರಲೇ ಇಲ್ಲ, ಆದರೂ ಎಲ್ಲ ಕಾಯಿಗಳೂ ಕಂಡವು. ಓಡಿ ಬಂದು ಬೇರೆ ಆಡಿದಳು.

ಆಮೇಲೆ ಕೇಳಬೇಕೇ! ಪ್ರತಿ ನಡೆಗೂ ಒಂದು ಸಲ ಕಿಟಕಿ. ಹೋಗುವುದು, ತಿರುಗುವುದು, ಬರುವುದು, ಆಡುವುದು. ತೀರ್ಥಪ್ರಸಾದ್ ಸರ್ ಗಾಬರಿಯಾಗಿ ಪಕ್ಕಕ್ಕೆ ಕರೆದರು. "ಏನಮ್ಮಾ, ಹೊಟ್ಟೆ ಏನಾದ್ರೂ ಕೆಟ್ಟಿದ್ಯಾ?"

"ಇಲ್ಲ ಸಾರ್, ಆಟ ಸರಿಹೋಗಿದೆ" ಎಂದು ಹೇಳಿ ವಿನುತಾ ಆ ಆಟ ಗೆದ್ದಳು. ಹಾಗೇ ಮೂರನೆಯದನ್ನೂ ಗೆದ್ದಳು.

ಆದರೆ ಮೂರನೇ ಆಟದಲ್ಲಿ ಸೋತ ಹುಡುಗನ ಅಮ್ಮ ಸುಮ್ಮನಿರಲಿಲ್ಲ. ಪಂದ್ಯ ನಡೆಸುತ್ತಿದ್ದ ಧರ್ಮೇಶ್ ಸರ್ ಹತ್ತಿರ ಹೋಗಿ, "ಆ ಹುಡ್ಗಿ ಕಿಟಕಿ ಹತ್ರ ಹೋಗಿ ಯಾರನ್ನೋ ಕೇಳ್ಕೊಂಡ್ ಬರ್ತಾಳೆ" ಎಂದು ದೂರಿದರು.

ಧರ್ಮೇಶ್ ಸರ್ ಕಿಟಕಿಯಿಂದ ಬಗ್ಗಿ ನೋಡಿದರು. ಹೊರಗೆ ಒಂದು ಹಸು ರಟ್ಟಿನ ಡಬ್ಬಿ ತಿನ್ನುತ್ತಾ ನಿಂತಿತ್ತು. ಚೆಸ್ ಹೇಳಿಕೊಡುವ ಹಸುವಿನಂತೆ ಅದು ಕಾಣಲಿಲ್ಲ. ಆದರೂ ಅವರು ವಿನುತಾಳ ಬಳಿ ಬಂದು, "ಮುಂದಿನ ಆಟದಲ್ಲಿ ನೀನು ಕುರ್ಚಿ ಬಿಟ್ಟು ಏಳ್ಬಾರ್ದು ಪುಟ್ಟಿ. ಎದ್ರೆ ಆಟ ಕ್ಯಾನ್ಸಲ್" ಎಂದರು.

ಮುಂದಿನ ಆಟ ಮಿಲನ್ ಜೊತೆ. ಮೂರಕ್ಕೆ ಮೂರೂ ಗೆದ್ದವನು ಅವನೊಬ್ಬನೇ. ಪ್ರತಿ ಭಾನುವಾರ ಆನ್‌ಲೈನ್ ಕೋಚಿಂಗ್ ಬೇರೆ. ವಿನುತಾ ಗೆದ್ದರೆ ಮಡಿಕೇರಿ, ಸೋತರೆ ಕೀರ್ತಿಕುಮಾರ್‌ಗೆ ಜಾಗ.

ಮಿಲನ್ ಒಳ್ಳೆಯ ಹುಡುಗನೇ. ಕೈ ಕೊಟ್ಟು "ಆಲ್ ದಿ ಬೆಸ್ಟ್" ಎಂದ. ಆದರೆ ಕಾಯಿ ಇಟ್ಟು ಗಡಿಯಾರ ಒತ್ತುವ ಅವನ ಸ್ಪೀಡ್ ನೋಡಿದರೆ ಯಾರಿಗಾದರೂ ಅವಸರ ಆಗಬೇಕು. ವಿನುತಾಳಿಗೂ ಆಯಿತು. ಅವನು ಟಕ್, ಇವಳು ಟಕ್. ಅವನು ಟಕ್, ಇವಳು ಟಕ್. ಎಂಟನೇ ನಡೆಗೆ ಅವಳ ಒಂಟೆ ಮಿಲನ್‌ನ ಕೈಯಲ್ಲಿತ್ತು.

ವಿನುತಾ ಕುರ್ಚಿಯ ಅಂಚಿಗೆ ಸರಿದಳು. ಎದ್ದು ಹೋಗಬೇಕು. ಆದರೆ ಏಳುವ ಹಾಗಿಲ್ಲ. ಕಿಟಕಿ ಅಲ್ಲೇ ಇದೆ, ಹತ್ತು ಹೆಜ್ಜೆ.

'ಮುಟ್ಬೇಡ! ಮೊದ್ಲು ಒಂದು ಸಾಲು' ಎಂದು ಅಜ್ಜಿ ಕೂಗಿದಂತಾಯಿತು.

ಎಲ್ಲಿಂದ ತರಲಿ ಅಜ್ಜೀ ಸಾಲು, ಎಂದು ಅವಳಿಗೆ ಅಳು ಬಂತು. ಅಳು ಕಾಣಬಾರದೆಂದು ಕಣ್ಣು ಮುಚ್ಚಿಕೊಂಡಳು. ಕಾಯಿ ಮುಟ್ಟಬಾರದೆಂದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿದರೆ ಕಣವೇ ಕಂಡಿತು. ಸರಿ, ಎಂದು ಹಲಗೆ ಹಿಡಿದಳು. ಮನಸ್ಸಿನಲ್ಲೇ ಆ ತುದಿಯ ತನಕ ತಿರುವುತ್ತಾ ಹೋದಳು. ಮೇಜಿನ ಕೆಳಗೆ ಅವಳ ಕಾಲ್ಬೆರಳುಗಳು ಒಂದೊಂದೇ ಹೆಜ್ಜೆ ಹಾಕುತ್ತಿದ್ದವು. ತಿರುಗಿದಳು, ವಾಪಸು ಬಂದಳು. ಕಣ್ಣು ಬಿಟ್ಟು ಆಡಿದಳು.

ಮಿಲನ್ ಟಕ್ ಎಂದು ಉತ್ತರ ಕೊಟ್ಟ. ವಿನುತಾ ಇನ್ನೊಂದು ಸಾಲಿಗೆ ಹೊರಟಳು.

ಹತ್ತು ಸಾಲು ಆಯಿತು. ಹದಿನೈದಾಯಿತು. ಮಿಲನ್ ಕುರ್ಚಿಯಲ್ಲಿ ಆ ಕಡೆ ಈ ಕಡೆ ಹೊರಳಾಡತೊಡಗಿದ. ಕೊನೆಗೆ ಒಂದು ಆನೆಯನ್ನು ತಂದು ಅವಳ ಕ್ವೀನ್‌ನ ಓರೆ ದಾರಿಯಲ್ಲಿ ನಿಲ್ಲಿಸಿದ. ಅದರ ಹಿಂದೆ ಕಾವಲಿಗೆ ಯಾರೂ ಇಲ್ಲ. ಪುಕ್ಕಟೆ ಆನೆ!

ತೊಡೆಯ ಕೆಳಗಿನ ಕೈ ಹೊರಗೆ ಬರಲು ಒದ್ದಾಡಿತು. ವಿನುತಾ ಅದರ ಮೇಲೆ ಇನ್ನೂ ಗಟ್ಟಿಯಾಗಿ ಕೂತಳು. ಕಣ್ಣು ಮುಚ್ಚಿ ಹೊರಟಳು.

ಅಷ್ಟರಲ್ಲಿ ಯಾರೋ ಭುಜ ಮುಟ್ಟಿದರು. ಧರ್ಮೇಶ್ ಸರ್. ಕೈಯಲ್ಲಿ ರೂಲ್ ಬುಕ್ಕು, ಮುಖದಲ್ಲಿ ನಾಚಿಕೆ. "ಸಾರಿ ಪುಟ್ಟಿ, ಈಗ ನೋಡ್ದೆ. ಹಾಲ್ ಬಿಟ್ಟು ಹೋಗ್ಬಾರ್ದು ಅಷ್ಟೇ. ಒಳಗೆ ಓಡಾಡ್ಬೋದು. ಬೇಕಾದ್ರೆ ಎದ್ದು ಹೋಗಿ ಬಾ" ಎಂದು ಪಿಸುಗುಟ್ಟಿದರು.

ವಿನುತಾ ಕಿಟಕಿ ನೋಡಿದಳು. ಎಷ್ಟು ಹತ್ತಿರ ಇತ್ತು!

"ಬೇಡ ಸಾರ್. ಅರ್ಧ ಸಾಲು ಆಗೋಗಿದೆ."

ಧರ್ಮೇಶ್ ಸರ್‌ಗೆ ಒಂದೂ ಅರ್ಥವಾಗಲಿಲ್ಲ. ತಲೆ ಕೆರೆದುಕೊಂಡು ಹೋದರು.

ವಿನುತಾ ಉಳಿದ ಅರ್ಧ ಸಾಲು ಹೋದಳು. ಕ್ವೀನ್ ಆ ಆನೆಯನ್ನು ತಿನ್ನಲು ಹೋಯಿತು ಅಂತಿಟ್ಟುಕೊಳ್ಳೋಣ. ಆಗ ಮನೆ ಕಾಯುವವರಾರು? ಮಿಲನ್‌ನ ಇನ್ನೊಂದು ಆನೆ ಕೊನೇ ಸಾಲಿಗೆ ನುಗ್ಗುತ್ತದೆ. ಅವಳ ರಾಜನ ಮುಂದೆ ಅವಳದೇ ಮೂವರು ಸೋಲ್ಜರ್‌ಗಳು ಗೋಡೆಯ ಹಾಗೆ ನಿಂತಿದ್ದಾರೆ. ಆಟ ಖಲಾಸ್!

ಕಣದ ಆ ತುದಿಯಲ್ಲಿ ತಿರುಗಿದಳು. ಬರುವ ದಾರಿಯಲ್ಲಿ ಕುದುರೆಯ ಕಡೆ ನೋಡಿದಳು. ಎರಡು ಮನೆ ಮುಂದೆ, ಒಂದು ಮನೆ ಪಕ್ಕಕ್ಕೆ. ಅಲ್ಲಿ ಕೂತರೆ ರಾಜನಿಗೆ ಚೆಕ್. ರಾಜನಿಗೆ ಅಷ್ಟೇ ಅಲ್ಲ, ಅಲ್ಲಿಂದ ಮಿಲನ್‌ನ ಕ್ವೀನ್ ಕೂಡ ಕುದುರೆಯ ಬಾಯಿಗೇ! ಆ ಮನೆಗೆ ಬಂದು ಕುದುರೆಯನ್ನು ತಿನ್ನುವವರು ಯಾರಾದರೂ ಇದ್ದಾರೆಯೇ? ಇಲ್ಲ. ಇನ್ನೊಮ್ಮೆ ನೋಡಿದಳು. ಇಲ್ಲ.

ಸಾಲು ಮುಗಿಯಿತು. ಕಣ್ಣು ಬಿಟ್ಟು ಕುದುರೆ ಎತ್ತಿಟ್ಟಳು.

"ಚೆಕ್."

ಮಿಲನ್ ಮೊದಲ ಸಲ ಟಕ್ ಎನ್ನಲಿಲ್ಲ. ಬೋರ್ಡಿನ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದ. ರಾಜನನ್ನು ಪಕ್ಕಕ್ಕೆ ಸರಿಸಿದ, ಕ್ವೀನ್ ಕಳೆದುಕೊಂಡ. ಅಲ್ಲಿಂದ ಒಂಬತ್ತು ನಡೆ ಹೋರಾಡಿದ. ಆ ಒಂಬತ್ತಕ್ಕೂ ವಿನುತಾ ಒಂದೊಂದು ಸಾಲು ಹೋಗಿಯೇ ಬಂದಳು. ಒಂದನ್ನೂ ಹಾರಿಸಲಿಲ್ಲ. ಕೊನೆಗೆ ಅವನು ರಾಜನನ್ನು ಮಲಗಿಸಿ ಕೈ ಚಾಚಿದ.

ಹಿಂದೆ ತೀರ್ಥಪ್ರಸಾದ್ ಸರ್ ಜೋರಾಗಿ ಚಪ್ಪಾಳೆ ತಟ್ಟಿದರು. ಧರ್ಮೇಶ್ ಸರ್ "ಶ್" ಎಂದರು.

"ನೀನು ನಿದ್ದೆ ಮಾಡ್ತಿದ್ದೀಯ ಅಂದ್ಕೊಂಡಿದ್ದೆ" ಎಂದ ಮಿಲನ್.

"ಇಲ್ಲಪ್ಪ, ನಡೀತಾ ಇದ್ದೆ."

ಮಿಲನ್ ಮೇಜಿನ ಕೆಳಗೆ ಬಗ್ಗಿ ಅವಳ ಕಾಲು ನೋಡಿದ. ಏನೂ ತಿಳಿಯದೆ ಮೇಲೆ ಬಂದ. "ನಡೀತಾ ಇದ್ಯಾ? ಎಲ್ಲಿ ತನಕ?"

"ಮನೆ ತನಕ" ಎಂದಳು ವಿನುತಾ. ಹಾಗೆಂದ ಕೂಡಲೇ ಅವಳಿಗೆ ಅಜ್ಜಿಯನ್ನು ಆಗಲೇ ನೋಡಬೇಕು ಅನ್ನಿಸಿತು.