ನೋಟ್ಸ್ ಕೇಳಿದ ಹುಡುಗ

"ಏನಂದ್ನಮ್ಮಿ ಅವ್ನು?" ಕನ್ನಡಕದ ಮೇಲಿನಿಂದ ದಿವ್ಯಳನ್ನು ನೋಡುತ್ತಾ ಅಜ್ಜಿ ಕೇಳಿದರು.

ಟೀವಿಯಲ್ಲಿ ಕೆಂಟಾ ಸ್ಕೂಲಿನ ಮೆಟ್ಟಿಲ ಮೇಲೆ ನಿಂತಿದ್ದ. ಅವನ ಎದುರಿಗೆ ಯೂಮಿ. "ನೀನು ಬರದ ದಿನ ಕ್ಲಾಸೆಲ್ಲಾ ಖಾಲಿ ಅನ್ನಿಸುತ್ತೆ" ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ್ದ.

"ನೋಟ್ಸ್ ಕೇಳ್ದ ಅಜ್ಜಿ. ಸೈನ್ಸ್ ನೋಟ್ಸು."

"ಅಷ್ಟಕ್ಕೇ ಆ ಮಗು ಮುಖ ಟೊಮೇಟೊ ಆಗೋಯ್ತಾ?"

"ಅವ್ಳು ಇನ್ನೂ ಬರ್ದಿಲ್ಲ. ಅದಕ್ಕೆ ನಾಚ್ಕೆ."

"ಹೂಂ," ಎಂದರು ಅಕ್ಕಯ್ಯಮ್ಮಜ್ಜಿ. ನೆನೆಸಿದ ಅವರೆಕಾಳೊಂದನ್ನು ಎತ್ತಿಕೊಂಡು ಬೆರಳಲ್ಲಿ ಹಿದುಕಿದರು. ಬೇಳೆ ಸಿಪ್ಪೆಯಿಂದ ಪುಳಕ್ಕನೆ ಜಾರಿ ಬೋಗುಣಿಗೆ ಬಿತ್ತು. "ಇಷ್ಟ್ ದಿನದಿಂದ ಬರೀ ನೋಟ್ಸ್ ಕೇಳ್ತಾನೆ. ಪಾಸಾಗ್ತಾನೋ ಇಲ್ವೋ ಈ ಕೆಂಟಪ್ಪ."

ಕೆಂಟಾ ಎನ್ನಲು ಅಜ್ಜಿಗೆ ಬಾಯಿ ತಿರುಗುತ್ತಿರಲಿಲ್ಲ. ಅವರಿಗೆ ಅವನು ಕೆಂಟಪ್ಪ, ಅವಳು ಯೂಮಮ್ಮ.

ಅದು ಜಪಾನಿನ ಕಾರ್ಟೂನು. ದಿನಾ ಐದು ಗಂಟೆಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಆ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದುದು ದಿವ್ಯ ಮತ್ತು ಅಜ್ಜಿ, ಇಬ್ಬರೇ. ಅಮ್ಮ ಟೈಲರಿಂಗ್ ಕ್ಲಾಸಿನಿಂದ ಬರುವುದು ಆರೂವರೆಗೆ. ಮಾರೇನಹಳ್ಳಿ ಮೇನ್ ರೋಡಿನಲ್ಲಿದ್ದ ಪೇಂಟ್ ಅಂಗಡಿ ಮುಚ್ಚಿ ಅಪ್ಪ ಬರುವಷ್ಟರಲ್ಲಿ ಒಂಬತ್ತಾಗುತ್ತಿತ್ತು.

ಆ ಕತೆಯಲ್ಲಿ ಯಾರೂ ಕುಣಿಯುತ್ತಿರಲಿಲ್ಲ, ಯಾರೂ ಹೊಡೆದಾಡುತ್ತಿರಲಿಲ್ಲ. ಒಂದು ದಿನ ಮಳೆ ಬಂತು. ಯೂಮಿಗೆ ಛತ್ರಿ ಕೊಡಬೇಕೆಂದು ಕೆಂಟಾ ಎಪಿಸೋಡ್ ಪೂರ್ತಿ ಅದನ್ನು ಹಿಡಿದುಕೊಂಡೇ ನಿಂತಿದ್ದ. ಕೊನೆಗೆ ಅವಳ ಶೂ ಪಕ್ಕದಲ್ಲಿಟ್ಟು, ತಾನು ನೆನೆದುಕೊಂಡು ಮನೆಗೆ ಓಡಿದ. ಆ ರಾತ್ರಿ ದಿವ್ಯಳಿಗೆ ಊಟ ಸೇರಲಿಲ್ಲ.

ಅವಳ ಆರನೇ ಕ್ಲಾಸಿನಲ್ಲಿ ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಯಾರಾದರೂ ಆ ಕಡೆಯಿಂದ ರಬ್ಬರ್ ಕೇಳಿದರೂ ಸಾಕು, ಇಡೀ ಕ್ಲಾಸು "ಓ..." ಎಂದು ರಾಗ ಎಳೆಯುತ್ತಿತ್ತು. ಟೀವಿಯ ಸ್ಕೂಲಿನಲ್ಲಿ ಹುಡುಗ ಹುಡುಗಿ ಒಟ್ಟಿಗೆ ಕಿಟಕಿ ಒರೆಸುತ್ತಿದ್ದರು. ಯಾರೂ ರಾಗ ಎಳೆಯುತ್ತಿರಲಿಲ್ಲ.

ಆದರೆ ಕೆಂಟಾ ಮನಸ್ಸಿನಲ್ಲಿರುವುದನ್ನು ಹೇಳಿಯೇ ಇರಲಿಲ್ಲ. ನಾಳೆ ಶುಕ್ರವಾರ, ಕೊನೆಯ ಎಪಿಸೋಡ್. ನಾಳೆ ಹೇಳಲೇಬೇಕು.

ಅಜ್ಜಿಗೆ ಮಾತ್ರ ಇದು ಲವ್ ಸ್ಟೋರಿ ಎಂದು ಗೊತ್ತಾಗಬಾರದು. ಗೊತ್ತಾದರೆ ಅಪ್ಪನಿಗೆ ಹೇಳಿಬಿಡುತ್ತಾರೆ. ಹೋದ ತಿಂಗಳು ಟೀವಿಯಲ್ಲಿ ಯಾವುದೋ ಸಿನಿಮಾ ಹಾಡು ಬಂದಾಗ ಅಪ್ಪ ಸ್ವಿಚ್ ಆರಿಸಿ ಹೇಳಿದ್ದರು: "ಓದೋ ಮಕ್ಳು ನೋಡೋದಾ ಇದು? ಇನ್ನೊಂದ್ ದಿನ ಈ ಲವ್ವು ಗಿವ್ವು ಕಣ್ಣಿಗೆ ಬಿತ್ತು ಅಂದ್ರೆ ಕೇಬಲ್ ಕಿತ್ತಾಕಿಸ್ತೀನಿ." ಅಪ್ಪ ಸುಮ್ಮನೆ ಹೇಳುವವರಲ್ಲ.

ಶುಕ್ರವಾರ ಐದಕ್ಕೆ ಅಜ್ಜಿ ಮತ್ತೆ ಮೊರದ ತುಂಬ ಅವರೆಕಾಳು ಹಾಕಿಕೊಂಡು ಟೀವಿಯ ಮುಂದೆ ಕೂತರು. ಡಿಸೆಂಬರ್ ಚಳಿಗೆ ದಿವ್ಯ ಶಾಲು ಹೊದ್ದು ಪಕ್ಕದಲ್ಲಿ ಮುದುಡಿದಳು. ಯೂಮಿಯ ಅಪ್ಪನಿಗೆ ಬೇರೆ ಊರಿಗೆ ಟ್ರಾನ್ಸ್‌ಫರ್. ಅವಳು ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬಳೇ ನಿಂತಿದ್ದಾಳೆ. ಹಿಮ ಬೀಳುತ್ತಿದೆ. ಕೆಂಟಾ ಸೈಕಲ್ ತುಳಿಯುತ್ತಾ ಬರುತ್ತಿದ್ದಾನೆ.

ಆಗ ಗೇಟಿನ ಹತ್ತಿರ ಸ್ಕೂಟರ್ ನಿಂತ ಸದ್ದಾಯಿತು.

ಅಪ್ಪನ ಸ್ಕೂಟರ್.

"ಅಜ್ಜಿ, ರಿಮೋಟ್ ಎಲ್ಲಿ?"

"ಮೊರದ ಕೆಳಗೆ ಇರ್ಬೇಕು."

"ಕೊಡಜ್ಜಿ, ಬೇಗ."

"ಕೈಯೆಲ್ಲಾ ಅವರೆ ಸೊಗಡು. ಇರಮ್ಮಿ." ಅಜ್ಜಿ ಮೊರ ಎತ್ತಲೇ ಇಲ್ಲ.

ಬಾಗಿಲು ತೆರೆಯಿತು. "ಕೆಂಗೇರಿವರ್ಗೂ ಹೋಗ್ಬೇಕಿತ್ತು, ಮಫ್ಲರ್ ಮರ್ತೋಗಿದ್ದೆ," ಎನ್ನುತ್ತಾ ಅಪ್ಪ ಒಳಗೆ ಬಂದರು. ಟೀವಿ ನೋಡಿ ಅಲ್ಲೇ ನಿಂತರು. "ಏನದು?"

ದಿವ್ಯ ಶಾಲನ್ನು ಕತ್ತಿನವರೆಗೂ ಎಳೆದುಕೊಂಡಳು.

"ಇಸ್ಕೂಲ್ ಕತೆ ಕಣ್ಲಾ," ಎಂದರು ಅಜ್ಜಿ. "ಅಲ್ಲಿ ಗಂಡ್‌ಹೈಕ್ಳೇ ಕ್ಲಾಸು ಗುಡಿಸ್ತವೆ, ಗೊತ್ತಾ? ನೀನು ಈ ಮನೇಲಿ ಒಂದಿನಾನಾದ್ರೂ ಪೊರಕೆ ಮುಟ್ಟಿದ್ಯಾ?"

"ಅಂಗ್ಡೀಲಿ ದಿನಾ ನಾನೇ ಗುಡ್ಸೋದು ಕಣವ್ವಾ."

ಅಪ್ಪ ಮಾತಾಡುತ್ತಿದ್ದರೂ ಅವರ ಕಣ್ಣು ಟೀವಿಯ ಮೇಲೇ ಇತ್ತು. ಕೆಂಟಾ ಪ್ಲಾಟ್‌ಫಾರ್ಮಿಗೆ ಬಂದುಬಿಟ್ಟಿದ್ದ. ಏದುಸಿರು ಬಿಡುತ್ತಾ ಯೂಮಿಯ ಎದುರು ನಿಂತ. ಇಪ್ಪತ್ತೈದು ಎಪಿಸೋಡು ದಿವ್ಯ ಕಾದಿದ್ದು ಇದಕ್ಕೇ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಆ ಮೂರು ಪದ ಇಡೀ ಮಾರೇನಹಳ್ಳಿಗೆ ಗೊತ್ತು.

ಈಗ ಬೇಡ ಕೆಂಟಾ, ಎಂದು ಅವಳು ಶಾಲಿನೊಳಗೆ ಬೆರಳು ಹೆಣೆದುಕೊಂಡಳು. ಅಪ್ಪ ಹೋಗಲಿ. ಎರಡೇ ನಿಮಿಷ ತಡಿ.

ಕೆಂಟಾ ಬಾಯಿ ತೆರೆದ.

ಅಷ್ಟರಲ್ಲಿ ಹಿಂದಿನ ಹಳಿಯ ಮೇಲೆ ರೈಲೊಂದು ಧಡಧಡ ಎಂದು ನುಗ್ಗಿತು. ಅವನ ತುಟಿ ಅಲುಗಿತು. ಏನೂ ಕೇಳಿಸಲಿಲ್ಲ. ಬೋಗಿಯ ಮೇಲೆ ಬೋಗಿ, ಬೋಗಿಯ ಮೇಲೆ ಬೋಗಿ. ರೈಲು ಮುಗಿಯುವ ಹೊತ್ತಿಗೆ ಅವನ ಮಾತೂ ಮುಗಿದಿತ್ತು. ಯೂಮಿ ಅಳುತ್ತಾ ನಗುತ್ತಿದ್ದಳು. ತನ್ನ ಕೆಂಪು ಮಫ್ಲರ್ ಬಿಚ್ಚಿ ಅವನ ಕುತ್ತಿಗೆಗೆ ಸುತ್ತಿದಳು. ಪರದೆಯ ಮೇಲೆ ಹೆಸರುಗಳು ಬರತೊಡಗಿದವು.

ಅಪ್ಪ ಇರುವುದೇ ದಿವ್ಯಳಿಗೆ ಮರೆತುಹೋಯಿತು. ಅಜ್ಜಿಯ ತೋಳು ಹಿಡಿದು ಅಲುಗಿಸಿದಳು. "ಅಜ್ಜಿ, ಏನಂದ ಅವ್ನು? ಕೇಳಿಸ್ಲೇ ಇಲ್ಲ. ಏನಂದ?"

ಅಜ್ಜಿ ಅಪ್ಪನನ್ನೊಮ್ಮೆ ನೋಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು.

"ನೋಟ್ಸ್ ಕೇಳ್ದ ಕಣಮ್ಮಿ," ಎಂದರು. "ಸೈನ್ಸ್ ನೋಟ್ಸು."

ದಿವ್ಯ ಅಜ್ಜಿಯ ತೋಳು ಬಿಟ್ಟು ಅವರ ಮುಖ ನೋಡಿದಳು.

"ರೈಲ್ವೆ ಸ್ಟೇಷನ್ನಲ್ಲಿ ನೋಟ್ಸಾ?" ಎಂದರು ಅಪ್ಪ. "ನಮ್ ಕ್ಲಾಸಲ್ಲೂ ಇದ್ದ ಒಬ್ಬ ಹಿಂಗೇ, ಎಕ್ಸಾಮ್ ಹಿಂದಿನ್ ದಿನ ಓಡಿ ಬರ್ತಿದ್ದ. ಪಾಪ, ಏನ್ ಚಳಿ ನೋಡು ಅವ್ರಿಗೆ. ದಿವ್ಯಾ, ನನ್ ಮಫ್ಲರ್ ತಗೊಂಬಾ."

ದಿವ್ಯ ಎದ್ದು, ಬಾಗಿಲ ಹಿಂದಿನ ಮೊಳೆಯಲ್ಲಿದ್ದ ಮಫ್ಲರ್ ತಂದುಕೊಟ್ಟಳು. ಅಪ್ಪ ಅದನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡರು. ಸ್ಕೂಟರಿನ ಸದ್ದು ಬೀದಿಯ ತುದಿ ತಲುಪುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.

ವಾಪಸ್ಸು ಬಂದಾಗ ಅಜ್ಜಿ ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತಿದ್ದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಅದನ್ನು ನೋಡುತ್ತಾ ದಿವ್ಯಳಿಗೆ ಒಂದು ವಿಷಯ ಹೊಳೆಯಿತು. ಇಷ್ಟು ದಿನ "ಏನಂದ್ನಮ್ಮಿ?" ಎಂದು ಕೇಳುವಾಗ ಅಜ್ಜಿ ಒಂದು ಸಲವೂ ಟೀವಿಯ ಕಡೆ ನೋಡುತ್ತಿರಲಿಲ್ಲ. ದಿವ್ಯಳ ಮುಖವನ್ನೇ ನೋಡುತ್ತಿದ್ದರು.

ಅವಳು ಅಜ್ಜಿಗೆ ಒತ್ತಿಕೊಂಡು ಕೂತಳು. ಮೊರದಿಂದ ಒಂದು ಕಾಳು ತೆಗೆದುಕೊಂಡು ಹಿದುಕಿದಳು. ಬೇಳೆ ಹಾರಿ ಟೀವಿಯ ಕೆಳಗೆ ಹೋಯಿತು.

"ಮೆತ್ತಗೆ," ಎಂದರು ಅಜ್ಜಿ. ಇನ್ನೊಂದು ಕಾಳು ಎತ್ತಿಕೊಂಡು, ಅದರ ಮೇಲೇ ಕಣ್ಣಿಟ್ಟು ಕೇಳಿದರು: "ಕೊಟ್ಳಾ ಯೂಮಮ್ಮ?"

"ಕೊಟ್ಳು ಅಜ್ಜಿ," ಎಂದಳು ದಿವ್ಯ. "ಎಲ್ಲಾ ನೋಟ್ಸೂ ಕೊಟ್ಳು."