ತುಟಿ ಓದುವವನು

"ಇನ್ನೊಂದ್ಸಲ."

ಹೆಡ್‌ಫೋನಿನಲ್ಲಿ ಆ ದನಿ ಹದಿನಾರನೇ ಬಾರಿ ಕೇಳಿಸಿದಾಗ ಅವಳು ಕಣ್ಣು ಮುಚ್ಚಿಕೊಂಡಳು.

ಡಬ್ಬಿಂಗ್ ಕೋಣೆಯ ಮಬ್ಬಿನಲ್ಲಿ, ಎದುರಿನ ತೆರೆಯ ಮೇಲೆ ಅವಳದೇ ಮುಖ ಬಾಯಿ ತೆರೆದು ನಿಂತಿತ್ತು. ಹೇಳಬೇಕಾದದ್ದು ಒಂದೇ ಸಾಲು. 'ಹೋಗಿ. ನನಗೆ ಯಾರೂ ಬೇಡ.' ಅಷ್ಟಕ್ಕೆ ಬೆಳಗಿನಿಂದ ಒದ್ದಾಟ!

ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರನ್ನು ಅವಳು ನೋಡುತ್ತಿರುವುದು ಅದೇ ಮೊದಲು. ನಲವತ್ತರ ಆಸುಪಾಸು, ಸವೆದ ಕಾಲರಿನ ಅಂಗಿ. ಸ್ಟುಡಿಯೋದವರೆಲ್ಲ ಅವನನ್ನು 'ಇನ್ನೊಂದ್ಸಲ ಸಾರ್' ಎಂದೇ ಕರೆಯುತ್ತಿದ್ದರು. ಯಾಕೆಂದು ಅವಳಿಗೆ ಈಗ ಚೆನ್ನಾಗಿ ಅರ್ಥವಾಗಿತ್ತು.

"ಈಗೇನು ತಪ್ಪಾಯ್ತು?" ಅವಳು ಹಲ್ಲು ಕಚ್ಚಿ ಕೇಳಿದಳು.

"ತಪ್ಪೇನಿಲ್ಲ ಮೇಡಂ. ಅಳು ಚೆನ್ನಾಗಿ ಬಂದಿದೆ. ಆದ್ರೆ ಈ ಹೆಂಗಸಿಗೆ ಅಳು ಬಂದಿಲ್ಲ, ಸುಸ್ತಾಗಿದೆ. ಅವಳ ತುಟಿ ನೋಡಿ... ಅಳೋಕೂ ಶಕ್ತಿ ಉಳಿದಿಲ್ಲ. ಅದು ದನಿಯಲ್ಲಿ ಬರ್ತಿಲ್ಲ."

ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ಸುಸ್ತು ಅಂದ್ರೇನು ಅಂತ ನೀವು ನನಗೆ ಹೇಳಿಕೊಡ್ತೀರಾ? ನಾಲ್ಕು ವರ್ಷದವಳಿದ್ದಾಗಿಂದ ಲೈಟಿನ ಕೆಳಗೆ ನಿಂತಿದ್ದೀನಿ ರೀ ನಾನು! ಜ್ವರ ಬಂದಾಗ ನಿಂತಿದ್ದೀನಿ, ಅಮ್ಮ ತೀರಿಕೊಂಡ ಹತ್ತನೇ ದಿನ ನಿಂತಿದ್ದೀನಿ! ಸುಸ್ತಂತೆ..." ಎತ್ತರಕ್ಕೇರಿದ್ದ ದನಿ ಥಟ್ಟನೆ ಕುಸಿಯಿತು. "ಸಾಕು. ಹೋಗಿ... ನನಗೆ ಯಾರೂ ಬೇಡ."

ಗಾಜಿನ ಆಚೆ ಅವನು ಒಂದು ಗುಂಡಿ ಒತ್ತಿದ.

"ಬಂತು ಮೇಡಂ," ಎಂದ ಅವನು, ಮೆಲ್ಲಗೆ. "ಥ್ಯಾಂಕ್ಸ್."

ಎಂಥ ಮನುಷ್ಯ ಇವನು! ನನ್ನ ಕೋಪವನ್ನೂ ರೆಕಾರ್ಡ್ ಮಾಡಿಕೊಂಡನಲ್ಲ!

ಹೆಡ್‌ಫೋನ್ ಕಿತ್ತೆಸೆದು ಹೊರಡಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಆ ಸಾಲನ್ನು ದೃಶ್ಯಕ್ಕೆ ಕೂಡಿಸಿ ಹಾಕಿ ತೋರಿಸಿದ. ಅವಳು ನಿಂತಲ್ಲೇ ನಿಂತಳು. ತೆರೆಯ ಮೇಲಿನ ಆ ಹೆಂಗಸನ್ನು ನೋಡಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅವಳಿಗೆ ತನ್ನ ಮೇಲೆ ಕನಿಕರ ಬಂತು.

ಅವಳ ಮನೆತನವೇ ಬಣ್ಣದ್ದು. ತಾತ ನಾಟಕ ಕಂಪನಿ ಕಟ್ಟಿ ಊರೂರು ಸುತ್ತಿದವರು. ಅಪ್ಪನಂತೂ ಬಿಡಿ, ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿ ಬೆಳೆದು, ಆಮೇಲೆ ಮೂವತ್ತು ವರ್ಷ ತೆರೆಯನ್ನು ಆಳಿದ ದೊಡ್ಡ ನಟ. ಅಣ್ಣ ನಿರ್ಮಾಪಕ. ಅತ್ತೆ, ಅಂದರೆ ಅಪ್ಪನ ತಂಗಿ, ಅವಳ ಕಾಲ್‌ಶೀಟ್ ನೋಡಿಕೊಳ್ಳುತ್ತಿದ್ದಳು. ನೋಡಿದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಕಣ್ಣು ತಾತಂದು, ದನಿ ಅಪ್ಪಂದು!"

ಹಾಗಾದರೆ ನನ್ನದೇನು?

ಆ ಪ್ರಶ್ನೆ ಕೇಳಿಕೊಳ್ಳಲೂ ಅವಳಿಗೆ ಪುರುಸೊತ್ತಿರಲಿಲ್ಲ. ಮೂವತ್ತೇಳು ತುಂಬಿತ್ತು. ಮದುವೆಯ ಮಾತು ಬಂದಾಗಲೆಲ್ಲ ಅತ್ತೆ, "ಈ ಸಿನಿಮಾ ಒಂದು ಮುಗೀಲಿ," ಎನ್ನುತ್ತಿದ್ದಳು. ಆ ಒಂದು ಸಿನಿಮಾ ಮುಗಿಯುವ ಲಕ್ಷಣವೇ ಇರಲಿಲ್ಲ.

ಈಗಿನದು ಅಪ್ಪ ಮತ್ತು ಅವಳು ತಂದೆ ಮಗಳಾಗಿಯೇ ನಟಿಸಿದ ಸಿನಿಮಾ. ಚಿತ್ರೀಕರಣ ಮುಗಿದ ಮರುವಾರ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಹೇಗೋ ಚೇತರಿಸಿಕೊಂಡವು, ನಾಲಗೆ ಮಾತ್ರ ಹಿಡಿತಕ್ಕೆ ಬರಲಿಲ್ಲ. ಇಡೀ ನಾಡು ಮೆಚ್ಚಿದ ಆ ಗಂಟಲಿನಿಂದ ಈಗ ಹೊರಡುತ್ತಿದ್ದುದು ಅರೆಬರೆ ಗೊಣಗು.

"ಹೊರಗೆ ಯಾರಿಗೂ ಗೊತ್ತಾಗಬಾರದು," ಅಣ್ಣ ಕಟ್ಟಪ್ಪಣೆ ಮಾಡಿದ್ದ. "ಅಪ್ಪನ ಡಬ್ಬಿಂಗ್ ಹೇಗಾದ್ರೂ ಮುಗಿಸಬೇಕು. ಆ ಇನ್ನೊಂದ್ಸಲ ಇದ್ದಾನಲ್ಲ, ಅವನ ಕೈಲಿ ಆಗುತ್ತೆ."

ಹೀಗೆ ದಿನಾ ಮಧ್ಯಾಹ್ನ ಅವಳು ಅಪ್ಪನನ್ನು ಹಿಂಬಾಗಿಲಿನಿಂದ ಸ್ಟುಡಿಯೋಗೆ ಕರೆತರತೊಡಗಿದಳು.

ಮೊದಲ ದಿನವೇ ಅವಳಿಗೆ ಅಚ್ಚರಿ. ಅಪ್ಪ ಏನೋ ಗೊಣಗಿದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನು ಮಾತ್ರ ತಕ್ಷಣ ಎದ್ದು ಹೋಗಿ ಏಸಿ ಕಡಿಮೆ ಮಾಡಿದ.

"ನಿಮಗೆ ಹೇಗೆ ಗೊತ್ತಾಯ್ತು?!"

"ತುಟಿ ನೋಡಿದೆ ಮೇಡಂ. ನಮ್ಮಮ್ಮಂಗೆ ಕಿವಿ ಕೇಳಲ್ಲ. ಅವಳು ನಮ್ಮ ತುಟಿ ನೋಡಿಯೇ ಮಾತು ತಿಳ್ಕೊಳ್ಳೋದು. ಅವಳ ಜೊತೆ ಇದ್ದೂ ಇದ್ದೂ ನನಗೂ ಬಂತು." ಆಮೇಲೆ ಸಣ್ಣಗೆ ನಕ್ಕ. "ಮಗ ಇಡೀ ದಿನ ಏನು ಕೆಲಸ ಮಾಡ್ತಾನೆ ಅಂತ ಅವಳಿಗೆ ಇವತ್ತಿಗೂ ಸರಿಯಾಗಿ ಅರ್ಥ ಆಗಿಲ್ಲ, ಪಾಪ."

ಅವಳೂ ನಕ್ಕಳು. ಕ್ಯಾಮೆರಾ ಇಲ್ಲದ ಕಡೆ ನಕ್ಕು ಎಷ್ಟು ಕಾಲವಾಗಿತ್ತೋ!

ಮೂರು ವಾರ. ಅಪ್ಪ ಒಂದು ಪದವನ್ನು ಮೂವತ್ತು ಸಲ ಹೇಳುವರು. ಅವನು ಒಂದರಿಂದ 'ಮ', ಇನ್ನೊಂದರಿಂದ 'ಗಳೇ' ಆರಿಸಿ ಹೆಣೆಯುವನು. ಅಪ್ಪ ಸಿಟ್ಟಿಗೆದ್ದು ಮೇಜು ಗುದ್ದಿದರೆ ಸುಮ್ಮನೆ ಕಾಯುವನು. ಅಪ್ಪನಿಗೆ ಅವನು 'ಇನ್ನೊಂದ್ಸಲ' ಎಂದು ಒಮ್ಮೆಯೂ ಹೇಳಲಿಲ್ಲ. "ಸಾರ್, ನಿಮಗೆ ಆದಾಗ," ಎನ್ನುತ್ತಿದ್ದ.

ಅದನ್ನು ಅವಳು ಗಮನಿಸಿದಳು. ಅವನ ತಾಳ್ಮೆ, ಅವನ ಬೆರಳು, ಕೆಲಸದಲ್ಲಿ ಮುಳುಗಿದಾಗ ಮೂಗಿನ ಮೇಲಿಂದ ಜಾರುವ ಅವನ ಕನ್ನಡಕ... ಎಲ್ಲವನ್ನೂ ಗಮನಿಸುತ್ತಿದ್ದೇನೆಂದು ತಿಳಿದ ದಿನ ಅವಳಿಗೆ ಭಯವಾಯಿತು.

ಒಂದು ಸಂಜೆ ಅಪ್ಪ ಸೋಫಾದಲ್ಲೇ ತೂಕಡಿಸಿದ್ದರು. ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಟೀ ಹಿಡಿದು ಕೂತಿದ್ದರು.

"ನಿಮಗೆ ಈ ಕೆಲಸ ಇಷ್ಟಾನಾ ಮೇಡಂ?"

ಅವಳು ತಬ್ಬಿಬ್ಬಾದಳು. ನೂರಾರು ಸಂದರ್ಶನ ಕೊಟ್ಟವಳು! ಆದರೆ ಹೀಗೆ, ಉತ್ತರ ಬೇಕೆಂದು ಕೇಳಿದವರು ಯಾರೂ ಇರಲಿಲ್ಲ.

"ಗೊತ್ತಿಲ್ಲ," ಎಂದಳು. "ನನ್ನನ್ನ ಯಾರೂ ಕೇಳಲಿಲ್ಲ. ಮನೆ ಮುಂದೆ ಕಾರು ಬರ್ತಿತ್ತು, ಹತ್ತುತ್ತಿದ್ದೆ. ಬಿಟ್ಟುಬಿಡೋಣ ಅನಿಸುತ್ತೆ. ಆದ್ರೆ ಅಪ್ಪ ಇರೋವರೆಗೆ ಆ ಮಾತು ಆಡೋ ಹಾಗಿಲ್ಲ."

ಅವನು ಸಮಾಧಾನ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಅವಳ ಲೋಟ ಖಾಲಿಯಾಗಿದ್ದನ್ನು ನೋಡಿ ತನ್ನದರಲ್ಲಿ ಉಳಿದಿದ್ದ ಟೀಯನ್ನು ಅದಕ್ಕೆ ಬಗ್ಗಿಸಿದ. ಅಷ್ಟೇ. ಅವಳ ಎದೆ ತುಂಬಿಬಂತು.

ಅದಾದ ನಾಲ್ಕನೇ ದಿನ ಬೆಳಗ್ಗೆ ಎಲ್ಲರ ಫೋನುಗಳಲ್ಲೂ ಒಂದೇ ಸದ್ದು.

ಅಪ್ಪನ ದನಿ! ಹೆಣೆಯದ, ತಿದ್ದದ, ಗೊಣಗುವ, ಮುಗ್ಗರಿಸುವ ದನಿ. 'ಮ... ಮ... ಗ...' ಕೆಳಗೆ ದೊಡ್ಡ ಅಕ್ಷರದ ಸುದ್ದಿ: ಮಹಾನಟನ ಮಾತು ನಿಂತಿತೇ?

"ಆ ರೆಕಾರ್ಡಿಂಗ್ ಇದ್ದದ್ದು ಅವನೊಬ್ಬನ ಹತ್ರ!" ಅಣ್ಣ ಕೆಂಡಾಮಂಡಲವಾಗಿದ್ದ.

ಅವಳು ಚಪ್ಪಲಿ ಹುಡುಕಿ ಮೆಟ್ಟಿದಳು. ಇಲ್ಲ... ಅವನು ಅಂಥವನಲ್ಲ... ಕೇಳಿದರೆ ಇಲ್ಲ ಅನ್ನುತ್ತಾನೆ. ಅಷ್ಟು ಸಾಕು ನನಗೆ!

ಸ್ಟುಡಿಯೋಗೆ ಓಡಿದಳು. ಅವನು ಮಿಕ್ಸರ್ ಮುಂದೆ ಸುಮ್ಮನೆ ಕೂತಿದ್ದ.

"ನಿಮ್ಮಿಂದ ಹೋಗಿಲ್ಲ ಅಂತ ಹೇಳಿ. ಒಂದೇ ಮಾತು."

ಅವನು ತಲೆಯೆತ್ತಿದ. ಕಣ್ಣುಗಳು ಕೆಂಪಾಗಿದ್ದವು. "ಹಾಗಂದ್ರೆ ಸುಳ್ಳಾಗುತ್ತೆ ಮೇಡಂ. ಅದು ನನ್ನ ಕೈಯಿಂದಲೇ ಹೋಗಿದ್ದು. ಅದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ ನಾನು."

"ಹೇಳೋ ಹಾಗಿಲ್ವಾ?!" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಅವತ್ತು ಮೆಟ್ಟಿಲ ಮೇಲೆ ನಾನು ಹೇಳಿದ್ದೂ ಎಲ್ಲೋ ರೆಕಾರ್ಡ್ ಆಗಿದ್ಯಾ? ಅದು ಯಾವಾಗ ಹೊರಗೆ ಬರುತ್ತೆ?"

ಆ ಮಾತು ಅವನಿಗೆ ಚುಚ್ಚಿತು. ಮುಖ ಬಿಳಿಚಿಕೊಂಡಿತು. ಆದರೂ ಬಾಯಿ ಬಿಡಲಿಲ್ಲ. ಎದ್ದು, ಮೇಜಿನ ಮೇಲಿದ್ದ ತನ್ನ ಚೀಲ ತೆಗೆದುಕೊಂಡು, ಅವಳ ಪಕ್ಕದಿಂದಲೇ ಹೊರಗೆ ನಡೆದ.

ಮಧ್ಯಾಹ್ನದ ಹೊತ್ತಿಗೆ ಅವನ ಕೆಲಸ ಹೋಗಿತ್ತು.

ಮುಂದಿನ ಹನ್ನೆರಡು ದಿನ ಅವಳು ಬೇರೊಂದು ಸೆಟ್ಟಿನಲ್ಲಿ, ತನಗಿಂತ ಐದೇ ವರ್ಷ ಚಿಕ್ಕವನಾದ ನಾಯಕನಿಗೆ ತಾಯಿಯಾಗಿ ನಟಿಸಿದಳು. ಕೂದಲಿಗೆ ಬಿಳಿ ಬಳಿದರು. ಕನ್ನಡಿಯಲ್ಲಿ ನೋಡಿಕೊಂಡಾಗ ಅದು ಬಣ್ಣವೆಂದೇ ಅವಳಿಗೆ ಅನಿಸಲಿಲ್ಲ.

ಹದಿಮೂರನೆಯ ದಿನ, ಬೆಳಗಿನ ತಿಂಡಿಯ ಮೇಜು. ಅಣ್ಣ ಕಾಫಿ ಕುಡಿಯುತ್ತಾ ಹೇಳಿದ: "ಅವನ ಮೇಲೆ ಕೇಸ್ ಹಾಕ್ತಿದ್ದೀನಿ. ಇನ್ನು ಯಾವ ಸ್ಟುಡಿಯೋದಲ್ಲೂ ಅವನು ಕಾಲಿಡಬಾರದು."

ಧಡ್!

ಅಪ್ಪ ಮೇಜು ಗುದ್ದಿದ್ದರು. ಲೋಟ ಉರುಳಿ ನೀರು ಚೆಲ್ಲಿತು. ಏನೋ ಗೊಣಗಿದರು. ಅಣ್ಣ, ಅತ್ತೆ ಮುಖ ಮುಖ ನೋಡಿಕೊಂಡರು. "ಏನಂತೆ? ಮಾತ್ರೆ ಬೇಕಂತಾ?"

ಅವಳು ಅಪ್ಪನ ಮುಂದೆ ಕುಳಿತು ಅವರ ತುಟಿಯನ್ನೇ ನೋಡಿದಳು. ಮೂರು ವಾರ ಅವನನ್ನು ನೋಡುತ್ತಾ ನೋಡುತ್ತಾ, ತನಗರಿವಿಲ್ಲದೆಯೇ ಅಷ್ಟಿಷ್ಟು ಕಲಿತಿದ್ದಳು.

"ನಾನೇ... ಕೊಟ್ಟೆ."

"ಅಪ್ಪಾ?"

"ಅವನ ಹತ್ರ... ಕೇಳಿ ಇಸ್ಕೊಂಡೆ. ಪತ್ರಿಕೆಯವನಿಗೆ... ನಾನೇ ಕಳಿಸಿದೆ."

ಅಣ್ಣನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಅಪ್ಪ ತಡೆತಡೆದು ಹೇಳುತ್ತಾ ಹೋದರು. ಒಂದೊಂದೇ ಮಾತನ್ನು ಅವಳು ಜೋರಾಗಿ ಎಲ್ಲರಿಗೂ ಹೇಳಿದಳು.

"'ಐವತ್ತು ವರ್ಷ ಬೇರೆಯವರ ಮಾತು ಆಡಿದೆ. ಈಗ ನಂದು ಅಂತ ಉಳಿದಿರೋದು ಈ ತೊದಲು ಒಂದೇ. ಅದನ್ನೂ ಬಚ್ಚಿಡಿ ಅಂತೀರಾ...' ಅಂತಿದ್ದಾರೆ. 'ಅವನು ಬೇಡ ಅಂದ. ಮೊದಲು ಮಗಳಿಗೆ ಹೇಳಿ ಸಾರ್ ಅಂತ ಕೈ ಮುಗಿದ. ಹೇಳಿದ್ರೆ ಇವರು ತಡೀತಾರೆ, ನಾನೇ ಹೇಳೋವರೆಗೆ ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡೆ. ಆಮೇಲೆ... ನನಗೇ ಧೈರ್ಯ ಬರಲಿಲ್ಲ.'"

ಅಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರು ಅವಳ ಕೆನ್ನೆ ಮುಟ್ಟಿ ಮತ್ತೇನೋ ಹೇಳಿದರು.

ಆ ಮಾತನ್ನು ಅವಳು ಯಾರಿಗೂ ತಿಳಿಸಿ ಹೇಳಲಿಲ್ಲ. ಅದು ಅವಳೊಬ್ಬಳದು.

"ನಾನು ನಿಲ್ಲಿಸಿದ್ರೆ ತಾನೇ ಪುಟ್ಟಿ... ನೀನೂ ನಿಲ್ಲಿಸೋಕಾಗೋದು?"

ಕೆಲಸ ಕಳೆದುಕೊಂಡವನ ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ. ಎರಡನೆಯ ಮಹಡಿ, ಒಗೆದ ಬಟ್ಟೆ ಹರವಿದ ಸಣ್ಣ ಮೊಗಸಾಲೆ. ತೆರೆದಿದ್ದ ಬಾಗಿಲ ಬಳಿ ಇದ್ದವಳು ಎಪ್ಪತ್ತು ದಾಟಿದ ಹೆಂಗಸು. ಅವಳನ್ನು ಕಂಡು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

"ಅಯ್ಯೋ... ನೀನು! ಬಾ ಒಳಗೆ. ನಿನ್ನ ಸಿನಿಮಾ ಒಂದೂ ಬಿಟ್ಟಿಲ್ಲ ಕಣಮ್ಮಾ ನಾನು."

ಅವನು ಹೇಳಿದ್ದು ನೆನಪಾಗಿ, ಅವಳು ಮುಖ ಎದುರಿಗೆ ತಂದು ನಿಧಾನವಾಗಿ ಕೇಳಿದಳು: "ನಿಮಗೆ... ಕೇಳಿಸಲ್ವಲ್ಲ ಅಮ್ಮಾ?"

"ಕೇಳಿಸದಿದ್ರೇನು, ಕಾಣಿಸುತ್ತಲ್ಲ. ದನಿ ಹೇಗಿದೆಯೋ ಅಂತ ಮಗನ್ನ ಕೇಳಿದ್ದೆ. ಬಿಸಿ ಹಾಲಿನ ಮೇಲೆ ಕೆನೆ ಕಟ್ಟುತ್ತಲ್ಲ, ಹಾಗಿದೆ ಅಂದ." ಅವಳು ಕುರ್ಚಿಯ ಮೇಲಿನ ಬಟ್ಟೆ ಸರಿಸಿದಳು. "ಹದಿನೈದು ದಿನದಿಂದ ನಿನ್ನ ಸುದ್ದಿಯೇ ಎತ್ತಲ್ಲ. ಮೊದಲು ಊಟಕ್ಕೆ ಕೂತ್ರೆ ಬರೀ ನಿಂದೇ ಮಾತು. ಜಗಳ ಆಡಿದ್ರಾ?"

"ತಪ್ಪು ನಂದೇ ಅಮ್ಮಾ."

ಬಾಗಿಲಲ್ಲಿ ಹೆಜ್ಜೆ ಸದ್ದು. ತರಕಾರಿ ಚೀಲ ಹಿಡಿದು ಅವನು ನಿಂತಿದ್ದ. ಈಗ ಬಸ್ ನಿಲ್ದಾಣದ ಧ್ವನಿವರ್ಧಕಕ್ಕೆ ಪ್ರಕಟಣೆ ರೆಕಾರ್ಡ್ ಮಾಡಿಕೊಡುವ ಕೆಲಸವಂತೆ. ಗಡ್ಡ ಬೆಳೆದಿತ್ತು. ಅವಳಷ್ಟೇ ಅವನೂ ದಣಿದಿದ್ದ.

"ಅಪ್ಪ ಎಲ್ಲಾ ಹೇಳಿದ್ರು," ಎಂದಳು ಅವಳು.

ಅವನು ತಾಯಿಯತ್ತ ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿಕೊಂಡ. ಅವಳೂ ಹೋಗಿ ಅವನ ಪಕ್ಕ, ಕಿಟಕಿಗೆ ಮುಖ ಮಾಡಿ ನಿಂತಳು.

"ಅವತ್ತು ಅಷ್ಟೊಂದು ಅಂದೆ... ನೀವು ಒಂದು ಮಾತೂ ಆಡದೆ ಹೋದ್ರಿ. ಯಾಕೆ?"

"ಸಾರ್‌ಗೆ ಮಾತು ಕೊಟ್ಟಿದ್ದೆ."

"ಅಷ್ಟೇನಾ?"

ಅವನು ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. ಆಮೇಲೆ, "ನೀವು ಅವತ್ತು ಹೇಳಿದ ಕೊನೇ ಮಾತು... ಅದು ನೋವಾಯ್ತು. ಸುಳ್ಳು ಹೇಳಲ್ಲ," ಎಂದ.

"ಗೊತ್ತು. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗುತ್ತೆ." ಅವಳು ಕಿಟಕಿಯ ಕಂಬಿ ಹಿಡಿದಳು. "ಅಪ್ಪನ ಕೊನೇ ದೃಶ್ಯ ಅವರ ಈಗಿನ ದನಿಯಲ್ಲೇ ಇರುತ್ತೆ. ಅಣ್ಣ ಗುರ್ ಅಂದ, ಕೊನೆಗೆ ಒಪ್ಪಿಕೊಂಡ. ನಿಮ್ಮ ಹೆಸರೂ ಇರುತ್ತೆ. ಬರೋದು ಬಿಡೋದು ನಿಮ್ಮಿಷ್ಟ."

"ನೀವು?"

"ಒಪ್ಪಿಕೊಂಡಿರೋದನ್ನ ಮುಗಿಸ್ತೀನಿ. ಆಮೇಲೆ ಬೇಕು ಅನಿಸಿದಾಗ ಮಾತ್ರ. ಅನಿಸದಿದ್ರೆ ಇಲ್ಲ. ಅತ್ತೆಗೆ ಇವತ್ತೇ ಹೇಳಿದೆ. ಮಾತು ಬಿಟ್ಟಿದ್ದಾಳೆ." ಅವಳು ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನನಗೆ ಚೆಂದದ ಡೈಲಾಗು ಹೇಳೋಕೆ ಬರಲ್ಲ. ಬರೆದುಕೊಟ್ಟದ್ದನ್ನೇ ಹೇಳಿ ಅಭ್ಯಾಸ. ನಿಮ್ಮ ಮುಂದೆ ಸುಮ್ಮನೆ ಇರಬಹುದು. ಹಾಗೆ ಇರೋಕೆ ನನಗೆ ಬೇರೆ ಎಲ್ಲೂ ಜಾಗ ಇಲ್ಲ. ನೀವು ಬೇಕು... ಅಷ್ಟೇ."

ಅವನ ಕೈಯಿಂದ ಚೀಲ ಜಾರಿತು. ಟೊಮೆಟೊಗಳು ನೆಲದ ತುಂಬ ಉರುಳಿದವು.

"ಮುಖ ಆ ಕಡೆ ತಿರುಗಿಸಿಕೊಂಡ್ರೆ ನನಗೆ ತಿಳಿಯಲ್ಲ ಅಂದ್ಕೊಂಡ್ರಾ?" ಹಿಂದಿನಿಂದ ಅಮ್ಮ ಜೋರಾಗಿ ಹೇಳಿದಳು. "ಟೊಮೆಟೊ ನಾನು ಎತ್ಕೋತೀನಿ. ನೀವು ಮಾತು ಮುಗಿಸಿ!"

ಇಬ್ಬರೂ ನಕ್ಕರು. ನಗುನಗುತ್ತಲೇ ಅವಳ ಕಣ್ಣು ತುಂಬಿತು. ಅವನು ಅವಳ ಕೈ ಹಿಡಿದುಕೊಂಡ. ಬಿಡುವ ಅವಸರವಿಲ್ಲದ ಹಿಡಿತ.

"ನಿಮ್ಮ ಮೊದಲನೇ ಸಿನಿಮಾದಿಂದ ನಿಮ್ಮ ದನಿ ಕೇಳ್ತಿದ್ದೀನಿ," ಎಂದ. "ಒಂದು ದಿನ ನೀವು ಇಲ್ಲಿ, ಈ ಕಿಟಕಿ ಹತ್ರ ನಿಂತು ಮಾತಾಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ನನಗೂ ನೀವು ಬೇಕು. ಬಹಳ ದಿನದಿಂದ."

ಅವಳು ಅಲ್ಲೇ ಇದ್ದ ಹಳೆಯ ಸೋಫಾದಲ್ಲಿ ಕುಸಿದು ಕೂತಳು. ಎಷ್ಟೋ ವರ್ಷಗಳ ದಣಿವು ಒಟ್ಟಿಗೆ ರೆಪ್ಪೆಯ ಮೇಲೆ ಬಂದು ಕೂತಂತಿತ್ತು.

"ಸ್ವಲ್ಪ ಹೊತ್ತು ಮಲಗ್ಲಾ?"

"ಮಲಗಿ. ಯಾವಾಗ ಎಬ್ಬಿಸಲಿ?"

"ಎಬ್ಬಿಸಬೇಡಿ... ನಾನಾಗೇ ಏಳ್ತೀನಿ." ಕಣ್ಣು ಮುಚ್ಚಿಕೊಂಡೇ ಅವಳು ಕೇಳಿದಳು: "ಆಗ ಇಲ್ಲೇ ಇರ್ತೀಯಾ?"

ಅವಳ ಬಾಯಲ್ಲಿ ಮೊದಲ ಸಲ ಬಂದ ಆ ಏಕವಚನಕ್ಕೆ ಅವನ ಮುಖ ಅರಳಿತು.

"ಇರ್ತೀನಿ," ಎಂದ. "ನೀನು ಮಲಗು."