ಐದನೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು

ನೀಲಿ ಟೈ ಕಟ್ಟಿಕೊಂಡು ಕಾಲೇಜಿನ ಹಜಾರದ ಕಿಟಕಿಯ ಪಕ್ಕ ಕೂತಿದ್ದ ಮನುಷ್ಯನನ್ನು ಮಾರ್ಲಾ ಮೊದಲ ನೋಟಕ್ಕೆ ಗುರುತಿಸಲಿಲ್ಲ. ಗುರುತು ಸಿಕ್ಕಿದ್ದು ಕಿವಿಗಳಿಂದ. ಚಳಿಗೆ ಕೆಂಪಾಗಿ, ತುಸು ಮುಂದಕ್ಕೆ ಬಾಗಿದ ಆ ಕಿವಿಗಳನ್ನು ಅವಳು ಮೂರು ವರ್ಷದಿಂದ ವಾರಕ್ಕೆ ಐದು ದಿನ ನೋಡುತ್ತಿದ್ದಳು.

"ಗ್ರೇಡಿ?"

ಅವನು ಎದ್ದು ನಿಂತ. ಮುಖದಲ್ಲಿ ಒಂದು ಕ್ಷಣ ಸಂತೋಷ ಮೂಡಿತು, ಮರುಕ್ಷಣವೇ ಸಿಕ್ಕಿಬಿದ್ದವನ ಕಳೆ ಬಂತು.

"ಮಾರ್ಲಾ! ನಿನ್ನ ಇಂಟರ್‌ವ್ಯೂ ಮಧ್ಯಾಹ್ನ ಅಂದಿದ್ದೆಯಲ್ಲ?"

"ಬೆಳಿಗ್ಗೆಗೆ ಬದಲಾಯಿಸಿದ್ರು. ನೀನಿಲ್ಲಿ ಏನ್ ಮಾಡ್ತಿದ್ದೀಯ?"

ಉತ್ತರ ಅವನ ಕೋಟಿನ ಮೇಲೇ ಅಂಟಿಕೊಂಡಿತ್ತು. ಅವಳ ಎದೆಯ ಮೇಲಿದ್ದಂಥದೇ ಬಿಳಿ ಚೀಟಿ. ಗ್ರೇಡಿ ಟಿಮ್ಮರ್ಮನ್, ಅಭ್ಯರ್ಥಿ.

ಮಾರ್ಲಾ ಕುಚೆರಾ ನೆಬ್ರಾಸ್ಕಾದ ಬ್ರೆನ್ನರ್ ಊರಿನ ಒಂದೇ ಒಂದು ಔಷಧಿ ಅಂಗಡಿಯಲ್ಲಿ ಎಂಟು ವರ್ಷದಿಂದ ಕೆಲಸಕ್ಕಿದ್ದಳು. ಮಾತ್ರೆ ಎಣಿಸಿ ಡಬ್ಬಿಗೆ ತುಂಬುವುದು, ಫೋನ್ ಎತ್ತುವುದು, ಇನ್ಶೂರೆನ್ಸ್‌ನವರ ಜೊತೆ ಜಗಳವಾಡುವುದು, ಎಲ್ಲ ಅವಳದೇ. ಸಂಜೆ ಹೊತ್ತು ಕೆಮಿಸ್ಟ್ರಿ ಕ್ಲಾಸುಗಳಿಗೆ ಹೋಗಿ, ಆರು ವರ್ಷದಲ್ಲಿ ಫಾರ್ಮಸಿ ಕಾಲೇಜಿಗೆ ಅರ್ಜಿ ಹಾಕುವಷ್ಟು ಓದು ಮುಗಿಸಿದ್ದಳು. ಅಂಗಡಿಯ ಒಡತಿ, ಫಾರ್ಮಸಿಸ್ಟ್ ಲೊರೇನ್‌ಗೆ ಅರವತ್ತೊಂಬತ್ತು ತುಂಬಿತ್ತು.

"ನೋಡೇ ಹುಡುಗಿ," ಎಂದಿದ್ದರು ಲೊರೇನ್. "ಈ ಮಂಡಿ ಇಟ್ಕೊಂಡು ಇನ್ನು ನಾಲ್ಕು ವರ್ಷ ಹೇಗೋ ತಳ್ತೀನಿ. ಅಷ್ಟರಲ್ಲಿ ನೀನು ಓದಿ ಬಂದ್ರೆ ಸರಿ. ಇಲ್ಲಾಂದ್ರೆ ಈ ಊರಿನೋರು ಒಂದು ಜ್ವರದ ಮಾತ್ರೆಗೂ ಐವತ್ತೆರಡು ಮೈಲಿ ಹೋಗ್ಬೇಕು."

ಗ್ರೇಡಿ ಗೋದಾಮಿನಿಂದ ಔಷಧಿ ಪೆಟ್ಟಿಗೆಗಳನ್ನು ತರುವ ವ್ಯಾನಿನ ಡ್ರೈವರ್. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಹಿಂದಿನ ಬಾಗಿಲು ತಟ್ಟುತ್ತಿದ್ದ. ಅವಳು ಸಹಿ ಹಾಕುವಾಗ ಕಾಗದ ನೋಡುವ ನೆಪದಲ್ಲಿ ಅವಳ ಬೆರಳುಗಳನ್ನು ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಅದಕ್ಕೇ ನಿಧಾನವಾಗಿ ಸಹಿ ಹಾಕುತ್ತಿದ್ದಳು.

ನವೆಂಬರಿನಲ್ಲಿ ಇಂಟರ್‌ವ್ಯೂಗೆ ಕರೆ ಬಂದಾಗ ಅವಳು ಮೊದಲು ಹೇಳಿದ್ದು ಅವನಿಗೇ.

"ಆರು ರೂಮು ಇರುತ್ತೆ," ಎಂದ ಗ್ರೇಡಿ, ಪೆಟ್ಟಿಗೆಯ ಮೇಲೆ ಮೊಣಕೈ ಊರಿ. "ಒಂದೊಂದು ಬಾಗಿಲ ಮೇಲೂ ಒಂದು ಪ್ರಶ್ನೆ ಅಂಟಿಸಿರ್ತಾರೆ. ಓದೋಕೆ ಎರಡು ನಿಮಿಷ. ಗಂಟೆ ಹೊಡೆದ ತಕ್ಷಣ ಒಳಗೆ. ಅಲ್ಲಿ ಎಂಟು ನಿಮಿಷ."

"ನಿಂಗೆ ಹೇಗೆ ಗೊತ್ತು?"

"ಇಂಟರ್‌ನೆಟ್‌ನಲ್ಲಿ ಓದಿದೆ. ವ್ಯಾನ್ ಓಡಿಸೋನು ಓದಬಾರದಾ?"

ಅಂದಿನಿಂದ ದಿನಾ ಹತ್ತು ನಿಮಿಷ ಅಭ್ಯಾಸ. ಅವನು ಕೋಪಗೊಂಡ ರೋಗಿಯಾಗುತ್ತಿದ್ದ, ಅವಳು ಫಾರ್ಮಸಿಸ್ಟ್.

"ಏನ್ರೀ ಇದು, ನನ್ನ ಮಾತ್ರೆ ಇನ್ನೂ ರೆಡಿ ಇಲ್ವಾ? ಮೇಯರ್‌ಗೆ ಕಂಪ್ಲೇಂಟ್ ಕೊಡ್ತೀನಿ!"

"ಮೇಯರ್ ನಿಮ್ಮ ಹಿಂದೇ ಕ್ಯೂನಲ್ಲಿದ್ದಾರೆ ಸರ್. ಅವರ ಮಾತ್ರೆನೂ ರೆಡಿ ಇಲ್ಲ."

ಅವನು ನಕ್ಕು ನಕ್ಕು ಪೆಟ್ಟಿಗೆ ಬೀಳಿಸಿದ್ದ. ಆಮೇಲೆ ಗಂಭೀರವಾಗಿ ಹೇಳಿಕೊಟ್ಟಿದ್ದ. "ಎತ್ತಿದ ಬಾಯಿಗೆ ಸಾರಿ ಅನ್ನಬೇಡ. ಮೊದಲು ಅವರ ಹೆಸರು ಕೇಳು. ಹೆಸರು ಹೇಳೋಕೆ ಶುರು ಮಾಡಿದ ಮನುಷ್ಯ ಅರ್ಧ ತಣ್ಣಗಾದ ಹಾಗೆ."

ಈಗ ಒಮಾಹಾದ ಈ ಕಾಲೇಜಿನ ಹಜಾರದಲ್ಲಿ, ಆ ಹತ್ತು ಹತ್ತು ನಿಮಿಷಗಳೆಲ್ಲ ಮಾರ್ಲಾಳಿಗೆ ಬೇರೆಯದೇ ಬಣ್ಣದಲ್ಲಿ ಕಂಡವು.

"ಅಂದ್ರೆ ಇಷ್ಟು ದಿನ ನನ್ನ ಉತ್ತರ ಎಲ್ಲ ಕೇಳ್ಕೊಂಡೆ," ಎಂದಳು ಮೆಲ್ಲಗೆ. "ಹೇಗಿದ್ವು? ನಿಂಗೆ ಉಪಯೋಗಕ್ಕೆ ಬಂದ್ವಾ?"

"ಹಾಗಲ್ಲ ಮಾರ್ಲಾ, ಒಂದ್ನಿಮಿಷ ಕೇಳು..."

ಅಷ್ಟರಲ್ಲಿ ಕಾಲೇಜಿನ ಒಬ್ಬ ಹಿರಿಯ ಹೆಂಗಸು ಹೆಸರು ಕೂಗಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಮಾರ್ಲಾ ಅವನತ್ತ ತಿರುಗಿ ನೋಡದೆ ನಡೆದಳು.

ಮೊದಲ ಕೋಣೆಯಲ್ಲಿ ರೋಗಿಯ ಪಾತ್ರ ವಹಿಸಿದ್ದ ಹೆಂಗಸೊಬ್ಬಳು ಮೇಜು ಗುದ್ದಿ ಕೂಗಾಡಿದಳು. ಮಗುವಿನ ಔಷಧಿ ಮುಗಿದಿದೆ, ಡಾಕ್ಟರ್ ಫೋನ್ ಎತ್ತುತ್ತಿಲ್ಲ, ನೀವೆಲ್ಲ ಕಲ್ಲುಗಳು ಎಂದಳು. ಮಾರ್ಲಾ ಉಸಿರೆಳೆದುಕೊಂಡು, "ಮಗು ಹೆಸರೇನು?" ಎಂದು ಕೇಳಿದಳು. ಹೆಂಗಸಿನ ಭುಜಗಳು ಇಳಿದವು. ಗ್ರೇಡಿ ಹೇಳಿಕೊಟ್ಟದ್ದು ಅಕ್ಷರಶಃ ಕೆಲಸ ಮಾಡಿತು. ಅದಕ್ಕೂ ಅವಳಿಗೆ ಅವನ ಮೇಲೆ ಸಿಟ್ಟು ಬಂತು.

ಮೂರನೇ ಬಾಗಿಲ ಮೇಲೆ ಇದ್ದದ್ದು ಒಂದೇ ಸಾಲು. ಫಾರ್ಮಸಿಯೇ ಯಾಕೆ?

ಅವಳು ಬಾಯಿಪಾಠ ಮಾಡಿದ್ದ ಉತ್ತರ ಒಳಗೆ ಹೋಗುವಷ್ಟರಲ್ಲಿ ಮರೆತುಹೋಗಿತ್ತು. ನರೆತ ಗಡ್ಡದ ಪ್ರೊಫೆಸರ್ ಕಾಯುತ್ತ ಕೂತಿದ್ದರು.

"ನಮ್ಮೂರಲ್ಲಿ ಎಮಿಲ್ ಸೊಬೊಟ್ಕಾ ಅಂತ ಒಬ್ಬ ರೈತ ಇದ್ದಾರೆ," ಎಂದು ಶುರುಮಾಡಿದಳು. "ರಕ್ತ ಹೆಪ್ಪುಗಟ್ಟದೇ ಇರೋಕೆ ಮಾತ್ರೆ ತಗೋತಾರೆ. ಒಂದು ತಿಂಗಳು ಬರಲೇ ಇಲ್ಲ. ಫೋನ್ ಮಾಡಿದ್ರೆ, ಸರಿಯಾಗೇ ತಗೋತಿದ್ದೀನಿ ಅಂದ್ರು. ನಂಗೆ ಯಾಕೋ ಅನುಮಾನ ಬಂತು, ಮನೆಗೇ ಹೋದೆ. ಡಬ್ಬಿ ಹಾಗೇ ತುಂಬಿತ್ತು. ಕಂಪನಿ ಮಾತ್ರೆ ಬಣ್ಣ ಬದಲಾಯಿಸಿತ್ತು. ಅವರಿಗೆ ಓದೋಕೆ ಬರಲ್ಲ ಸರ್. ಬಣ್ಣ ನೋಡಿ ನುಂಗ್ತಿದ್ರು. ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ."

"ನೀವೇನು ಮಾಡಿದಿರಿ?"

"ಲೊರೇನ್‌ಗೆ ಹೇಳಿದೆ, ಅವರು ತಕ್ಷಣ ಡಾಕ್ಟರ್‌ಗೆ ತಿಳಿಸಿದ್ರು. ಆಮೇಲಿಂದ ಅವರ ಡಬ್ಬಿ ಮೇಲೆ ನಾನು ಸೂರ್ಯ ಚಂದ್ರನ ಚಿತ್ರ ಬರೀತೀನಿ. ಬೆಳಿಗ್ಗೆದು, ರಾತ್ರಿದು." ಅವಳು ತಡೆದಳು. "ಆದ್ರೆ ಆವತ್ತು ಆ ಅಡುಗೆಮನೇಲಿ ಅವರು ಒಂದು ಪ್ರಶ್ನೆ ಕೇಳಿದ್ರು. ಇಷ್ಟು ದಿನ ತಗೊಂಡಿಲ್ಲ, ಈಗ ಎರಡು ಸೇರಿಸಿ ತಗೊಳ್ಳಲಾ ಅಂತ. ಅದಕ್ಕೆ ಉತ್ತರ ಹೇಳೋ ಅಧಿಕಾರ ನಂಗಿರಲಿಲ್ಲ. ಆ ಉತ್ತರ ಹೇಳೋಳು ನಾನಾಗಬೇಕು ಅಂತ ಇಲ್ಲಿಗೆ ಬಂದೆ."

ಪ್ರೊಫೆಸರ್ ಏನೂ ಬರೆದುಕೊಳ್ಳದೆ ಅವಳನ್ನೇ ನೋಡುತ್ತಿದ್ದರು. ಗಂಟೆ ಹೊಡೆಯಿತು.

ಐದನೇ ಬಾಗಿಲಲ್ಲಿ ಗ್ರೇಡಿ ನಿಂತಿದ್ದ.

ಅದು ಜೋಡಿ ಪರೀಕ್ಷೆ. ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ತಾಗುವ ಹಾಗೆ ಇಟ್ಟಿದ್ದರು. ಒಬ್ಬರ ಕೈಯಲ್ಲಿ ಬಣ್ಣದ ಮರದ ತುಂಡುಗಳಿಂದ ಕಟ್ಟಿದ ಗೋಪುರದ ಫೋಟೋ. ಇನ್ನೊಬ್ಬರ ಮುಂದೆ ಬಿಡಿ ತುಂಡುಗಳು. ತಿರುಗಿ ನೋಡುವಂತಿಲ್ಲ, ಮಾತಿನಲ್ಲೇ ಹೇಳಿ ಕಟ್ಟಿಸಬೇಕು. ಮೂಲೆಯಲ್ಲಿ ಒಬ್ಬಾಕೆ ಕಾಗದ ಹಿಡಿದು ಕೂತಿದ್ದಳು.

ಫೋಟೋ ಮಾರ್ಲಾಳ ಪಾಲಿಗೆ ಬಂತು.

"ಹಳದಿ ಕೆಳಗೆ. ಮೇಲೆ ಕೆಂಪು. ಪಕ್ಕದಲ್ಲಿ ಎರಡು ಹಸಿರು. ಅದರ ಮೇಲೆ ನೀಲಿ," ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಪಕ್ಕ ಅಂದ್ರೆ ಯಾವ ಪಕ್ಕ?"

"ಪಕ್ಕ ಅಂದ್ರೆ ಪಕ್ಕ."

ಹಿಂದೆ ತುಂಡುಗಳು ಮೇಜಿನ ಮೇಲೆ ಉರುಳಿ ಬಿದ್ದ ಸದ್ದು. ಇನ್ನೊಮ್ಮೆ ಕಟ್ಟಿದ. ಇನ್ನೊಮ್ಮೆ ಬಿತ್ತು.

"ಸ್ವಲ್ಪ ತಡಿ," ಎಂದ ಗ್ರೇಡಿ. ಆ ದನಿ ಅವನದು ಅಂತ ಅವಳಿಗೆ ನಂಬಲಾಗಲಿಲ್ಲ. ಕುರ್ಚಿಯ ಬೆನ್ನಿನ ಮೂಲಕ ಒಂದು ಸಣ್ಣ ನಡುಕ ಅವಳ ಬೆನ್ನಿಗೂ ತಾಕುತ್ತಿತ್ತು. ದಿನಾ ಅಷ್ಟು ತಮಾಷೆ ಮಾಡುವ ಮನುಷ್ಯ ಹೆದರಿದ್ದ.

ಅವಳ ಸಿಟ್ಟು ಎಲ್ಲಿ ಹೋಯಿತೋ, ಅವಳಿಗೇ ತಿಳಿಯಲಿಲ್ಲ.

"ಗ್ರೇಡಿ, ಎಲ್ಲಾ ಕೆಳಗಿಡು. ತಪ್ಪು ನಂದು, ಅವಸರ ಮಾಡಿದೆ. ಮೊದಲಿಂದ ಶುರು ಮಾಡೋಣ. ಉದ್ದದ ಹಳದಿ ಸಿಕ್ತಾ?"

"ಸಿಕ್ತು."

"ಅದನ್ನ ಮಲಗಿಸು. ಅದರ ಮೇಲೆ ಕೆಂಪು, ಅಡ್ಡಡ್ಡ."

"ಅಡ್ಡ ಅಂದ್ರೆ ತುದಿ ಬಾಗಿಲ ಕಡೆಗಾ, ಕಿಟಕಿ ಕಡೆಗಾ?"

"ಬಾಗಿಲ ಕಡೆಗೆ. ಇಟ್ಟ ಮೇಲೆ ಹೇಳು. ನಾನು ಕಾಯ್ತೀನಿ."

"ಇಟ್ಟೆ."

ಒಂದೊಂದಾಗಿ ತುಂಡುಗಳು ಕೂತವು. ಅವನ ಬೆನ್ನು ನಿಧಾನವಾಗಿ ಸಡಿಲವಾಗುವುದು ಅವಳಿಗೆ ಗೊತ್ತಾಗುತ್ತಿತ್ತು. ಕಡೆಯ ನೀಲಿ ತುಂಡು ಬಾಕಿ ಇರುವಾಗಲೇ ಗಂಟೆ ಹೊಡೆಯಿತು. ಇಬ್ಬರೂ ತಿರುಗಿ ನೋಡಿದರು. ಗೋಪುರ ಪೂರ್ತಿಯಾಗಿರಲಿಲ್ಲ, ಆದರೆ ನೆಟ್ಟಗೆ ನಿಂತಿತ್ತು.

ಎಲ್ಲ ಮುಗಿದು ಕೋಟು ಹಾಕಿಕೊಳ್ಳುವಾಗ, ಬೆಳಿಗ್ಗೆ ಹೆಸರು ಕೂಗಿದ್ದ ಹಿರಿಯ ಹೆಂಗಸು ಗ್ರೇಡಿಯ ತೋಳು ತಟ್ಟಿದಳು.

"ಮೂರನೇ ವರ್ಷ ಅಲ್ವೇನಪ್ಪಾ? ಬಿಡೋ ಪೈಕಿ ಅಲ್ಲ ನೀನು. ಈ ಸಲ ಬಾಯಿ ಕಟ್ಟಲಿಲ್ಲ ತಾನೆ?"

ಮಾರ್ಲಾಳ ಕೈ ಕೋಟಿನ ಗುಂಡಿಯ ಮೇಲೇ ನಿಂತಿತು.

ಹೊರಗೆ ಪಾರ್ಕಿಂಗಿನಲ್ಲಿ ಅವಳ ಕಾರಿನ ಗಾಜಿಗೆ ಮಂಜುಗಡ್ಡೆ ಕಟ್ಟಿತ್ತು. ಗ್ರೇಡಿ ಕೇಳದೆಯೇ ಕೆರೆಯತೊಡಗಿದ.

"ಇಂಟರ್‌ನೆಟ್‌ನಲ್ಲಿ ಓದಿದೆ ಅಂದಿದ್ದೆ," ಎಂದಳು.

"ಸುಳ್ಳು."

"ಎರಡು ಸಲ ಬಂದಿದ್ದೆಯಾ?"

"ಎರಡು ಸಲ. ಮೊದಲನೇ ಸಲ, ಫಾರ್ಮಸಿನೇ ಯಾಕೆ ಅಂದಾಗ ಮಾತೇ ಹೊರಡಲಿಲ್ಲ. ಎರಡನೇ ಸಲ ಆ ಕೋಪದ ರೋಗಿಗೆ ಹನ್ನೊಂದು ಸಲ ಸಾರಿ ಹೇಳಿದೆ. ಅವರು ಎಣಿಸಿದ್ರಂತೆ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ನಿಂಗೆ ಹೇಳಿಕೊಟ್ಟಿದ್ದೆಲ್ಲ ನಾನು ಮುಗ್ಗರಿಸಿದ ಜಾಗಗಳು ಮಾರ್ಲಾ. ಅಲ್ಲಿ ನೀನು ಬೀಳಬಾರದು ಅಂತ."

"ನಂಗ್ಯಾಕೆ ಹೇಳಲಿಲ್ಲ?"

ಅವನು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ನೀನು ನನ್ನ ಪಾಪ ಅಂತ ನೋಡ್ತಿದ್ದೆ. ದಿನಕ್ಕೆ ಹತ್ತು ನಿಮಿಷ ನೀನು ನನ್ನ ನೋಡಿ ನಗ್ತಿದ್ದೆ. ಅದನ್ನ ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ."

ಗಾಜು ಸ್ವಚ್ಛವಾದರೂ ಅವಳು ಕಾರು ಹತ್ತಲಿಲ್ಲ. "ಹಸಿವಾಗ್ತಿದೆ," ಎಂದಳು. ಇಬ್ಬರೂ ಹತ್ತಿರದ ಹೋಟೆಲಿಗೆ ಹೋಗಿ ಚಿಲಿ ಎನ್ನುವ ಖಾರದ ಮಾಂಸದ ಸಾರಿನ ಜೊತೆ ದಾಲ್ಚಿನ್ನಿಯ ಸಿಹಿ ರೋಲ್ ತಿಂದರು. ಎರಡು ಗಂಟೆ ಮಾತಾಡಿದರು. ಹೇಳಬೇಕಾದ ಒಂದು ಮಾತನ್ನು ಮಾತ್ರ ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮಾರ್ಚಿನಲ್ಲಿ ಮಾರ್ಲಾಳಿಗೆ ಸೀಟು ಸಿಕ್ಕಿತು. ಲೊರೇನ್ ಅವಳನ್ನು ತಬ್ಬಿಕೊಂಡು, ಮಂಡಿ ನೋವು ಮರೆತು ಎರಡು ಹೆಜ್ಜೆ ಕುಣಿದರು. ಗ್ರೇಡಿಗೆ ಮತ್ತೆ ಇಲ್ಲ ಎಂದು ಬಂತು. ಅವನು ಪೆಟ್ಟಿಗೆ ಇಳಿಸಿ, ಕೈ ಕುಲುಕಿ, "ಅಭಿನಂದನೆ ಫಾರ್ಮಸಿಸ್ಟ್ ಮೇಡಂ," ಎಂದ. ಅವನ ನಗುವಿನಲ್ಲಿ ಹೊಟ್ಟೆಕಿಚ್ಚು ಹುಡುಕಿದರೂ ಸಿಗಲಿಲ್ಲ. ಅವನು ಹೋದ ಮೇಲೆ ಅವಳು ಮಾತ್ರೆಗಳನ್ನು ಮೂರು ಸಲ ಎಣಿಸಿದಳು, ಮೂರು ಸಲವೂ ಲೆಕ್ಕ ತಪ್ಪಿತು.

ಏಪ್ರಿಲಿನ ಒಂದು ಬೆಳಿಗ್ಗೆ ಅವನು ಹಿಂಬಾಗಿಲು ಬಿಟ್ಟು ಮುಂದಿನ ಬಾಗಿಲಿನಿಂದ ಬಂದ. ಕೌಂಟರಿನ ಮುಂದೆ ಇಬ್ಬರು ಮುದುಕಿಯರು ಕಾಯುತ್ತಿದ್ದರು. ಅವರ ಹಿಂದೆ ನಿಂತ. ಸರದಿ ಬಂದಾಗ ಹೇಳಿದ.

"ಕ್ಯಾನ್ಸಸ್‌ನ ಕಾಲೇಜು ಒಂದರಲ್ಲಿ ಫೆಬ್ರವರೀಲಿ ಇಂಟರ್‌ವ್ಯೂ ಕೊಟ್ಟಿದ್ದೆ. ತಗೊಂಡಿದ್ದಾರೆ. ನಾಳೆಯೊಳಗೆ ಉತ್ತರ ಹೇಳ್ಬೇಕು."

"ಗ್ರೇಡಿ!" ಅವಳು ಕೂಗಿಯೇಬಿಟ್ಟಳು.

"ಬರಲ್ಲ ಅಂತ ಹೇಳ್ತೀನಿ. ನೀನು ಓದೋ ಕಡೆಯಿಂದ ನಾಲ್ಕು ಗಂಟೆ ದಾರಿ. ವ್ಯಾನಿನ ಕೆಲಸ ಒಮಾಹಾದಲ್ಲೂ ಸಿಗುತ್ತೆ."

ಮಾರ್ಲಾ ಕೈಯಲ್ಲಿದ್ದ ಡಬ್ಬಿಯನ್ನು ಠಕ್ಕೆಂದು ಇಟ್ಟಳು.

"ಹುಚ್ಚಾ ನಿಂಗೆ? ಮೂರು ವರ್ಷ ಒದ್ದಾಡಿದ್ದು ಬಿಟ್ಟುಬಿಡೋಕಾ? ನಾಲ್ಕು ಗಂಟೆ ಒಂದು ದೂರನಾ? ಮೂರು ವರ್ಷದಿಂದ ಒಂದು ಪೆಟ್ಟಿಗೆಯ ಆ ಕಡೆ ನಿಂತು ಒಂದು ಮಾತು ಹೇಳೋಕಾಗಿಲ್ಲವಲ್ಲ, ಅದಪ್ಪಾ ದೂರ ಅಂದ್ರೆ!"

ಮುದುಕಿಯರಲ್ಲೊಬ್ಬರು, ಮಾತ್ರೆಗಾಗಿ ಪಕ್ಕದಲ್ಲಿ ಇನ್ನೂ ಕಾಯುತ್ತಿದ್ದ ಮಿಸೆಸ್ ಪಾಚೆಕ್, ಕೈಚೀಲ ಎದೆಗವಚಿಕೊಂಡು, "ಹೇಳಿಬಿಡಪ್ಪಾ," ಎಂದರು. "ನನ್ನ ಬಿ.ಪಿ. ಮಾತ್ರೆಗೇನು ಅವಸರ ಇಲ್ಲ."

ಗ್ರೇಡಿ ಟೋಪಿ ತೆಗೆದ.

"ನಿನ್ನ ಪ್ರೀತಿಸ್ತೀನಿ ಮಾರ್ಲಾ. ಮೊದಲನೇ ವಾರದಿಂದ. ಪೆಟ್ಟಿಗೆ ಹೊತ್ತು ಸಾಕಾಗಿ ಕೆಲಸ ಬಿಡೋಣ ಅನ್ಕೊಂಡಿದ್ದೆ. ನೀನು ಸಹಿ ಹಾಕಿಕೊಟ್ಟೆ. ಆಮೇಲೆ ಬಿಡೋಕಾಗಲಿಲ್ಲ."

"ನಾನೂ," ಎನ್ನುವುದಕ್ಕೇ ಅವಳು ಎರಡು ಸಲ ಪ್ರಯತ್ನಿಸಬೇಕಾಯಿತು. ಆಮೇಲೆ, "ಈಗ ಫೋನ್ ತೆಗಿ. ನನ್ನೆದುರಿಗೇ ಮಾಡು," ಎಂದಳು.

ಅವನು ಮಾಡಿದ. ಹೆಸರು ಹೇಳಿದ, ಒಮ್ಮೆ ಅವಳ ಕಡೆ ನೋಡಿದ, ಗಟ್ಟಿಯಾಗಿ ಹೇಳಿದ. "ಬರ್ತೀನಿ ಮೇಡಂ. ಖಂಡಿತ ಬರ್ತೀನಿ."

ಮಾರ್ಲಾ ಪಕ್ಕದ ಗಿಡ್ಡ ಬಾಗಿಲು ತಳ್ಳಿ ಹೊರಗೆ ಬಂದು, ಅವನು ಫೋನ್ ಜೇಬಿಗಿಡುವ ಮೊದಲೇ ಅವನ ಎದೆಗೆ ಮುಖ ಒತ್ತಿದಳು.

ಒಳಗಿನಿಂದ ಲೊರೇನ್ ಕುಂಟುತ್ತ ಬಂದು, ಕನ್ನಡಕ ಏರಿಸಿಕೊಂಡು ಕೌಂಟರಿನಲ್ಲಿ ನಿಂತರು.

"ಇವರಿಬ್ಬರದು ಈಗಲೇ ಮುಗಿಯೋ ಹಾಗೆ ಕಾಣಲ್ಲ," ಎಂದರು. "ಮುಂದಿನವರು ಯಾರು, ಬನ್ನಿ."